ಮಳೆಗಾಲದ ನೆಗಡಿಗೆ ಇಮ್ಯುನಿಟಿ ಪೌಡರ್ ಬೇಕಾ?

ಪ್ರಶ್ನೆ (ಮೂಡಿಗೆರೆಯ ತಾಯಿಯೊಬ್ಬರು): ಮೇಡಂ, ಮಗನಿಗೆ ಆರು ವರ್ಷ. ಮಳೆ ಹಿಡಿಯಿತೆಂದರೆ ನೆಗಡಿ, ಕೆಮ್ಮು ಬಿಡುವುದೇ ಇಲ್ಲ. ಮೆಡಿಕಲ್ ಶಾಪಿನವರು ಇಮ್ಯುನಿಟಿ ಪೌಡರ್ ಕೊಡಿ ಅಂದರು. ಕೊಡಲಾ? ಬೆಳಿಗ್ಗೆ ಅಕ್ಕಿರೊಟ್ಟಿ, ಅರ್ಧ ಲೋಟ ಕಾಫಿ. ಊಟಕ್ಕೆ ಅನ್ನ, ತಿಳಿಸಾರು, ಹಪ್ಪಳ ಇದ್ದರೆ ಅವನಿಗೆ ಸಾಕು.

ಉತ್ತರ (ಡಯಟಿಷಿಯನ್, ಹಾಸನ): ಗಾಬರಿ ಬೇಡಮ್ಮ. ಸಣ್ಣ ಮಕ್ಕಳಿಗೆ ವರ್ಷಕ್ಕೆ 6–8 ಸಲ ನೆಗಡಿ ಆಗುವುದು ಮಾಮೂಲು. ಉಸಿರಾಟ ಕಷ್ಟವಾದರೆ, ತೂಕ ಇಳಿದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಪೌಡರ್ ದುಡ್ಡು ಉಳಿಸಿ.

ನನಗೆ ಚಿಂತೆ ಆ ತಿಳಿಸಾರಿನದು. ರೋಗಾಣು ಜೊತೆ ಹೋರಾಡುವ ಆ್ಯಂಟಿಬಾಡಿಗಳು ಪ್ರೋಟೀನಿನಿಂದಲೇ ಆಗುವುದು. ಮೇಲಿನ ತಿಳಿಯಲ್ಲಿ ಬರೀ ಹುಳಿ, ಖಾರ. ಬೇಳೆ ಎಲ್ಲ ತಳದಲ್ಲಿ. ಸೌಟು ತಳ ಮುಟ್ಟಿಸಿ ಬಡಿಸಿ. ಮನೆಯಲ್ಲಿ ಹುರುಳಿಕಾಳು ಇದ್ದೇ ಇರುತ್ತದೆ ಅಲ್ವಾ? 100 ಗ್ರಾಂ ಒಣಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಕಬ್ಬಿಣ, ಜಿಂಕ್ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಆಗ ಕಡಿಮೆಯಾಗುತ್ತದೆ. ಚೆನ್ನಾಗಿ ಬೇಯಿಸಿ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ವಿಟಮಿನ್ ಸಿ ಜೊತೆಗಿದ್ದರೆ ಕಾಳಿನ ಕಬ್ಬಿಣ ಜಾಸ್ತಿ ಹತ್ತುತ್ತದೆ. ಊಟ ತಿಂಡಿ ಜೊತೆ ಕಾಫಿ ಕುಡಿದರೆ ಅದೇ ಕಬ್ಬಿಣಕ್ಕೆ ಅಡ್ಡಿ. ಕಾಫಿ ಸೀಮೆಯವರಿಗೆ ಹೇಳಲು ಭಯವೇ, ಆದರೂ ಆರು ವರ್ಷದವನಿಗೆ ಕಾಫಿ ಬೇಡ.

ಅಕ್ಕಿರೊಟ್ಟಿ ಹಿಟ್ಟಿಗೆ ನುಗ್ಗೆಸೊಪ್ಪು ಕಲಸಿ. ಮೂಗು, ಗಂಟಲಿನ ಒಳಪದರ ಚೆನ್ನಾಗಿರಲು ವಿಟಮಿನ್ ಎ ಬೇಕು, ಆ ಸೊಪ್ಪಿನಿಂದ ಸಿಗುತ್ತದೆ. ರೊಟ್ಟಿಗೆ ಹಾಕುವ ಎಣ್ಣೆಯಿಂದ ಅದು ಮೈಗೂ ಹತ್ತುತ್ತದೆ. ಮೊಟ್ಟೆ ತಿನ್ನುವ ಮನೆಯಾದರೆ ದಿನಾ ಒಂದು ಕೊಡಿ.

ಬೇಲೂರಿನಿಂದ ಒಬ್ಬರು: ದಿನಾ ವಿಟಮಿನ್ ಸಿ ಮಾತ್ರೆ ನುಂಗಿದರೆ ನೆಗಡಿನೇ ಬರಲ್ವಂತೆ, ಹೌದಾ?

ಉತ್ತರ: ಇಲ್ಲ ಸರ್, ಬರುತ್ತದೆ. ಸ್ವಲ್ಪ ಬೇಗ ವಾಸಿಯಾಗಬಹುದು, ಅಷ್ಟೆ. ಅದಕ್ಕಿಂತ ಸೀಬೆಹಣ್ಣು ತಿನ್ನಿ. 100 ಗ್ರಾಮಿನಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇದೆ. ದೊಡ್ಡವರಿಗೆ ದಿನಕ್ಕೆ ಅದರ ಅರ್ಧವೂ ಬೇಡ.

ಕೊಪ್ಪದಿಂದ ಒಬ್ಬರು: ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದರೆ ಮಂಗನ ಕಾಯಿಲೆ ತಡೆಯಬಹುದಾ ಮೇಡಂ?

ಉತ್ತರ: ದಯವಿಟ್ಟು ಅದನ್ನು ನಂಬಿ ಕೂರಬೇಡಿ. ಅದು ಉಣುಗು ಕಚ್ಚಿ ಬರುವ ಕಾಯಿಲೆ. ಊಟ, ಕಷಾಯ ಯಾವುದೂ ಉಣುಗನ್ನು ಓಡಿಸುವುದಿಲ್ಲ. ಕಾಡಂಚಿನ ತೋಟಕ್ಕೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಆಮೇಲೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದು ಹೇಳಿ.