ಸಹಾಯ ಬೇಕು: ಸಿ.ವಿ. ಜಾಯಿಂಟ್ ಶಾಫ್ಟಿನಿಂದ ಬಿಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನದು ಫ್ರಂಟ್ ವೀಲ್ ಡ್ರೈವ್ ಕಾರು. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಹೊರಟರೆ ಎಡಗಡೆ ಚಕ್ರದಲ್ಲಿ ಟಕ್ ಟಕ್ ಸದ್ದು. ನೇರ ಓಡಿಸುವಾಗ ಏನೂ ಇಲ್ಲ. ಬಗ್ಗಿ ನೋಡಿದರೆ ಹೊರಗಿನ ಸಿ.ವಿ. ಜಾಯಿಂಟಿನ (ಚಕ್ರ ತಿರುಗಿಸುವ ಶಾಫ್ಟಿನ ತುದಿಯ ಬಾಗುವ ಕೀಲು) ರಬ್ಬರ್ ಬೂಟ್, ಅಂದರೆ ಗ್ರೀಸ್ ಹಿಡಿದಿಡುವ ಹೊದಿಕೆ, ಮಡಿಕೆಯಲ್ಲೇ ಸೀಳಿದೆ, ರಿಮ್ಮಿನ ಒಳಗೆಲ್ಲ ಗ್ರೀಸ್ ಸಿಡಿದಿದೆ. ಯಾವಾಗ ಹರಿಯಿತೋ, ತಪ್ಪು ನನ್ನದೇ, ಬಗ್ಗಿ ನೋಡಿರಲಿಲ್ಲ.

ಬೂಟ್, ಕ್ಲಾಂಪ್, ಮಾಲಿಬ್ಡಿನಂ ಗ್ರೀಸ್, ಹೊಸ ಹಬ್ ನಟ್ ಎಲ್ಲ ತಂದಿದ್ದೇನೆ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಿಲ್ಲ, ಸ್ಟ್ಯಾಂಡ್ ಕೊಟ್ಟಿದ್ದೇನೆ. ಶಾಫ್ಟ್ ಹೊರಗೆ ಬಂತು. ಗೇರ್ ಆಯಿಲ್ ಸ್ವಲ್ಪ ಸುರಿಯಿತು, ಅದನ್ನು ಆಮೇಲೆ ತುಂಬುತ್ತೇನೆ.

ಈಗ ಜಾಯಿಂಟ್ ಶಾಫ್ಟಿನಿಂದ ಬಿಡುತ್ತಿಲ್ಲ. ಒಳಗಿನ ರೇಸ್ (ಗುಂಡುಗಳು ಓಡುವ ಒಳಬಳೆ) ಮೇಲೆ ಹಿತ್ತಾಳೆ ಸರಳು ಇಟ್ಟು ಸುತ್ತಿಗೆಯಿಂದ ಬಡಿದೆ, ಕದಲಲೇ ಇಲ್ಲ. ಗುಂಡುಗಳನ್ನು ಹಿಡಿದಿಡುವ ಕೇಜ್‌ಗೆ ಏಟು ಬಿದ್ದರೆ ಅಂತ ಭಯ. ಒಳಗೆ ಜಾಯಿಂಟನ್ನು ಶಾಫ್ಟಿಗೆ ಹಿಡಿದಿಡುವ ಸರ್ಕ್ಲಿಪ್ (ಬಾಯಿ ತೆರೆದ ಸ್ಪ್ರಿಂಗ್ ಬಳೆ) ಇರುತ್ತದೆ ಅಲ್ವಾ, ಅದನ್ನು ಮೊದಲು ಅಗಲಿಸಬೇಕಾ, ಇಲ್ಲ ಜೋರು ಏಟಿಗೇ ಬಿಡುತ್ತದಾ?

ಇನ್ನೊಂದು ಮಾತು. ಸದ್ದು ಶುರುವಾದ ಮೇಲೆ ತೊಳೆದು ಗ್ರೀಸ್ ತುಂಬಿದರೆ ಪ್ರಯೋಜನ ಇದೆಯಾ? ಗುಂಡು ಓಡುವ ಜಾಡಿನಲ್ಲಿ ಉಗುರಿಗೆ ತಗಲುವಷ್ಟು ಗುಳಿ ಇದ್ದರೆ ಹೊಸ ಜಾಯಿಂಟೇ ಹಾಕುವುದು ಅಂದುಕೊಂಡಿದ್ದೇನೆ. ಕೈಯಾರೆ ಮಾಡಿದವರು ಹೇಳಿ. ಕಾರು ಚಕ್ರ ಬಿಚ್ಚಿಕೊಂಡು ನಿಂತಿದೆ.