ಮುಚ್ಚಿಹೋದ ಆಟವನ್ನು ನಾವೇ ನಡೆಸುತ್ತಿದ್ದೇವೆ. ಎಲ್ಲೆಲ್ಲಿ ತಪ್ಪುತ್ತಿದ್ದೇವೆ?

ಆಲ್ದೂರು ಮಳೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಯಿತು, ದಯವಿಟ್ಟು ಪೂರ್ತಿ ಓದಿ. ಕಾನೂನು ಗೊತ್ತಿರುವವರ ಮಾತೂ ಬೇಕು, ಸರ್ವರ್ ಕೆಲಸ ಗೊತ್ತಿರುವವರ ಮಾತೂ ಬೇಕು.

2009ರಲ್ಲಿ ನಾನು ಎಂಟನೇ ಕ್ಲಾಸು. ಶನಿವಾರ ಶಾಲೆ ಬಿಟ್ಟ ಕೂಡಲೇ ಅಣ್ಣನ ಜೊತೆ ಆಲ್ದೂರಿನಲ್ಲಿ ಬಸ್ ಹತ್ತಿ ಚಿಕ್ಕಮಗಳೂರಿಗೆ ಹೋಗುತ್ತಿದ್ದೆ. ಐ.ಜಿ. ರಸ್ತೆಯಲ್ಲಿ ಮಹಡಿ ಮೇಲೆ ಒಂದು ಸೈಬರ್ ಇತ್ತು. ಗಂಟೆಗೆ 20 ರೂಪಾಯಿ. ಎರಡು ಕಂಪ್ಯೂಟರಿಗೆ ದುಡ್ಡು ಸಾಲದೆ ಒಂದರ ಮುಂದೆಯೇ ಇಬ್ಬರೂ ಕೂರುತ್ತಿದ್ದೆವು. ಅಣ್ಣನಿಗೆ ಕೀಬೋರ್ಡ್, ನನಗೆ ಮೌಸ್. ಆಡುತ್ತಿದ್ದದ್ದು ಒಂದು ಕೊರಿಯನ್ ಆನ್‌ಲೈನ್ ಆಟ. ಹೆಸರು ಬೇಕೆಂದೇ ಬರೆದಿಲ್ಲ. 2014ರಲ್ಲಿ ಕಂಪನಿ ಸರ್ವರ್, ಅಂದರೆ ಆಟಗಾರರನ್ನೆಲ್ಲಾ ಸೇರಿಸಿ ಆಟ ನಡೆಸುವ ತನ್ನ ಕಂಪ್ಯೂಟರ್, ನಿಲ್ಲಿಸಿತು. ದುಡ್ಡು ಕೊಟ್ಟು ತಂದ ಸಿ.ಡಿ. ಮನೆಯಲ್ಲಿತ್ತು, ಹಾಕಿದರೆ ಮೊದಲ ಪರದೆ ದಾಟುತ್ತಿರಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಅಣ್ಣ ಬೆಂಗಳೂರಿನಿಂದ ಊರಿಗೆ ಬಂದ. ಬೇರೆ ದೇಶದ ಅಭಿಮಾನಿಗಳು ಈ ಆಟಕ್ಕೆ ಹೊಸದಾಗಿ ಸರ್ವರ್ ಕೋಡ್ ಬರೆದು ಓಪನ್ ಸೋರ್ಸ್ ಮಾಡಿದ್ದು, ಅಂದರೆ ಯಾರು ಬೇಕಾದರೂ ನೋಡಿ ಬಳಸುವಂತೆ ಬಿಟ್ಟದ್ದು, ಅವನ ಕಣ್ಣಿಗೆ ಬಿತ್ತು. ಕಾಫಿ ಮೂಟೆ ಇಡುವ ಕೋಣೆಯಲ್ಲಿ ಹಳೇ ಕಂಪ್ಯೂಟರ್ ಇಟ್ಟು ಶುರು ಮಾಡಿದೆವು. ಮಳೆಗಾಲ ಬಂತು, ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ಆಮೇಲೆ ತಿಂಗಳಿಗೆ 1,450 ರೂಪಾಯಿಯ ಬಾಡಿಗೆ ಸರ್ವರ್‌ಗೆ ಹೋದೆವು. ಈಗ ಎಪ್ಪತ್ತು ಜನ ಆಡುತ್ತಾರೆ. ಮೂಡಿಗೆರೆ, ಸಕಲೇಶಪುರ, ಬೇಲೂರು, ಅರಸೀಕೆರೆ ಕಡೆಯವರೇ ಜಾಸ್ತಿ.

ನನ್ನ ಪಾಲಿನ ಕೆಲಸ ಕನ್ನಡ. ಆಟದಲ್ಲಿ ಸಿಗುವ ಅಂಗಡಿಯವರು, ಕಾವಲುಗಾರರು, ದೋಣಿಯವನು, ಎಲ್ಲರೂ ಈಗ ಕನ್ನಡ ಮಾತಾಡುತ್ತಾರೆ. ಇದು ಸುಲಭವಾಗಿ ಆಗಲಿಲ್ಲ. ಹಳೇ ಆಟಕ್ಕೆ ಒತ್ತಕ್ಷರ ಅಂದರೆ ಏನೆಂದೇ ಗೊತ್ತಿಲ್ಲ. ‘ಹೊಳೆ ಉಕ್ಕಿದೆ’ ಎಂದು ಬರೆದರೆ ‘ಉಕ್‌ಕಿದೆ’ ಎಂದು ಬಿಡಿಬಿಡಿಯಾಗಿ ಕಾಣುತ್ತಿತ್ತು. ಕೊನೆಗೆ ಒತ್ತು ಸೇರಿದ ಒಂದೊಂದು ಅಕ್ಷರವನ್ನೂ ಚಿತ್ರವಾಗಿ ಬರೆದು ಸೇರಿಸಿದೆ. 640 ಚಿತ್ರ. ಹನ್ನೊಂದು ತಿಂಗಳು ರಾತ್ರಿ ಊಟ ಆದ ಮೇಲೆ ಅದೇ ಕೆಲಸ.

ಈಗ ಭಯ ಶುರುವಾಗಿದೆ. ಇದೇ ಆಟದ ಇನ್ನೊಂದು ದೇಶದ ಸರ್ವರ್ ಕಳೆದ ತಿಂಗಳು ಇದ್ದಕ್ಕಿದ್ದಂತೆ ಮುಚ್ಚಿತು. ನಮಗೆ ಕಂಪನಿಯಿಂದ ಇನ್ನೂ ಏನೂ ಬಂದಿಲ್ಲ. ಆದರೆ ನಮ್ಮ ಪುಟದ ತುದಿಯಲ್ಲಿ ಅವರದೇ ಹೆಸರು, ಅವರದೇ ಲೋಗೋ ಇದೆ. ಸಿ.ಡಿ. ಇಲ್ಲದವರಿಗೆಂದು ಇಡೀ ಆಟದ ಫೈಲನ್ನು ಡ್ರೈವ್‌ನಲ್ಲಿ ಹಾಕಿ ಲಿಂಕ್ ಕೊಟ್ಟಿದ್ದೇವೆ. ಜನವರಿಯಿಂದ ಬಾಡಿಗೆಗೆಂದು ಕ್ಯೂಆರ್ ಕೋಡ್ ಇಟ್ಟಿದ್ದೆವು, 18,600 ರೂಪಾಯಿ ಬಂತು. ಕೊಟ್ಟವರಿಗೆ ಆಟದಲ್ಲಿ ಒಂದು ಕೆಂಪು ಕುದುರೆ ಕೊಟ್ಟೆವು. ಸುಮ್ನೆ ಪ್ರೀತಿಗೆ ಕೊಟ್ಟದ್ದು.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಕೊರೆಯುತ್ತಿದೆ. ಬೇಲೂರಿನ ಒಬ್ಬ ಹುಡುಗ ಆಟದೊಳಗೆ ಹೊಯ್ಸಳ ಗುಡಿಯಂಥ ಒಂದು ಊರನ್ನೇ, ಅಂದರೆ ಒಂದು ಮ್ಯಾಪನ್ನೇ, ನಮಗೆ ಮಾಡಿಕೊಟ್ಟಿದ್ದ. ನಕ್ಷತ್ರದ ಆಕಾರದ ಜಗಲಿ, ಮೆಟ್ಟಿಲಿನ ಪಕ್ಕ ಪುಟ್ಟ ಗುಡಿಗಳು. ಮಾತಿಗೆ ಮಾತು ಬೆಳೆದು ಈಗ ಗುಂಪು ಬಿಟ್ಟಿದ್ದಾನೆ. "ನನ್ನ ಮ್ಯಾಪ್ ತೆಗೆಯಿರಿ" ಎಂದು ಮೆಸೇಜ್ ಹಾಕಿದ್ದಾನೆ. ಅಣ್ಣ ತೆಗೆಯುವುದಿಲ್ಲ ಎನ್ನುತ್ತಾನೆ. ಗುಂಪಿಗೆ ಕೊಟ್ಟ ಮೇಲೆ ಅದು ಗುಂಪಿನದೇ ಅಲ್ವಾ?

ಹಾಸನದ ವಕೀಲ:

ನಮಸ್ಕಾರ ತಂಗಿ. ನಾನು ಹೆಚ್ಚಾಗಿ ಜಮೀನಿನ ಕೇಸು ನಡೆಸುವವನು. ಹಾಗಾಗಿ ಜಮೀನಿನ ಮಾತಿನಲ್ಲೇ ಹೇಳುತ್ತೇನೆ.

ನಿಮ್ಮ ಕಡೆ ಪಾಳು ಬಿದ್ದ ತೋಟಗಳನ್ನು ನೋಡಿರುತ್ತೀರಿ. ಮಾಲೀಕರು ಬರುವುದಿಲ್ಲ, ಬೇಲಿ ಬಿದ್ದಿದೆ, ಮೆಣಸು ಬಳ್ಳಿಯಲ್ಲೇ ಒಣಗುತ್ತದೆ. ನೀವು ಹೋಗಿ ಕಳೆ ತೆಗೆದಿರಿ, ನೆರಳು ಕಡಿದಿರಿ, ತೋಟ ಜೀವ ಹಿಡಿಯಿತು. ಆದರೂ ಪಹಣಿಯಲ್ಲಿ ಹೆಸರು ಅವರದೇ. ಜಮೀನಾದರೆ ಹನ್ನೆರಡು ವರ್ಷ ಎಲ್ಲರಿಗೂ ಕಾಣುವಂತೆ, ಮಾಲೀಕನ ಹಕ್ಕನ್ನು ಒಪ್ಪದೆ ಅನುಭವಿಸಿದವರು ಕೋರ್ಟಿಗೆ ಹೋಗಿ ಒಂದು ವಾದ ಹೂಡಬಹುದು. ಕಾಪಿರೈಟ್‌ನಲ್ಲಿ ಆ ದಾರಿಯೇ ಇಲ್ಲ. ಕಂಪನಿ ಆಟ ನಿಲ್ಲಿಸಿತು ಎಂದರೆ ಹಕ್ಕು ಬಿಟ್ಟಿತು ಎಂದಲ್ಲ.

ನಮ್ಮ 1957ರ ಕಾಪಿರೈಟ್ ಕಾಯಿದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯ ಸಾಲಿಗೇ ಬರುತ್ತದೆ. ಆಟದ ಚಿತ್ರ, ಸಂಗೀತ, ಸಂಭಾಷಣೆಗೆ ಬೇರೆ ಬೇರೆ ರಕ್ಷಣೆ ಇದೆ. ಹೆಸರು, ಲೋಗೋ 1999ರ ಟ್ರೇಡ್ ಮಾರ್ಕ್ ಕಾಯಿದೆಯ ವಿಷಯ. ಪುಟದಲ್ಲಿ ಅವರ ಲೋಗೋ ದೊಡ್ಡದಾಗಿ ಹಾಕಿದರೆ ಇದು ಕಂಪನಿಯೇ ನಡೆಸುವ ಆಟ ಎಂದು ಜನ ತಿಳಿಯುತ್ತಾರೆ. ಅದನ್ನು ಇವತ್ತೇ ತೆಗೆಯಿರಿ. ಫೈಲಿನ ಲಿಂಕ್ ಕೂಡ. ಎಲ್ಲಕ್ಕಿಂತ ನೇರವಾದ ತಪ್ಪು ಅದೇ. ಅದು ಅವರ ಕೃತಿಯ ಪೂರ್ತಿ ನಕಲು, ಹಂಚಿಕೆ.

ನಿಮಗೆ ಬೇಜಾರಾಗುವ ಒಂದು ಮಾತು ಹೇಳಲೇಬೇಕು. ಸೆಕ್ಷನ್ 14ರ ಪ್ರಕಾರ ಸಾಹಿತ್ಯ ಕೃತಿಯ ಅನುವಾದದ ಹಕ್ಕೂ ಮಾಲೀಕನದೇ. ನೀವು ಅಷ್ಟು ಪ್ರೀತಿಯಿಂದ ಮಾಡಿದ ಕನ್ನಡವೂ ಅವರ ಸಂಭಾಷಣೆಯ ಅನುವಾದವಾಗಿದ್ದರೆ ಅನುಮತಿ ಬೇಕು. ಅನುಮತಿ ಬರಹದಲ್ಲೇ ಇರಬೇಕು, ಸೆಕ್ಷನ್ 30 ಹಾಗೆ ಹೇಳುತ್ತದೆ.

ಹಣದ ವಿಷಯ. ಸೆಕ್ಷನ್ 63ರಲ್ಲಿ ಗೊತ್ತಿದ್ದೂ ಹಕ್ಕು ಮುರಿದವರಿಗೆ ಆರು ತಿಂಗಳಿನಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಎಂದಾದರೆ ಕಾರಣ ಬರೆದು ಇದಕ್ಕಿಂತ ಕಡಿಮೆ ಶಿಕ್ಷೆ ಕೊಡುವ ಅಧಿಕಾರ ನ್ಯಾಯಾಧೀಶರಿಗೆ ಇದೆ. ಹೆದರಿಸಲು ಹೇಳುತ್ತಿಲ್ಲ. ಆ ಕೆಂಪು ಕುದುರೆ ಯಾಕೆ ಸಣ್ಣ ವಿಷಯ ಅಲ್ಲ ಎಂದು ಗೊತ್ತಾಗಲಿ ಅಂತ ಹೇಳಿದೆ. ದುಡ್ಡು ಬಂತು, ಬದಲಿಗೆ ವಸ್ತು ಹೋಯಿತು. ನೀವು ಅದನ್ನು ಪ್ರೀತಿ ಎನ್ನುತ್ತೀರಿ, ಎದುರು ವಕೀಲ ಅದನ್ನು ಮಾರಾಟ ಎನ್ನುತ್ತಾನೆ.

ಬೇಲೂರಿನ ಹುಡುಗನ ವಿಷಯದಲ್ಲಿ ನಿಮ್ಮ ಅಣ್ಣ ಹೇಳುವುದು ತಪ್ಪು. ಹೊಯ್ಸಳ ಗುಡಿಯ ಆಕಾರ ಯಾರ ಸ್ವತ್ತೂ ಅಲ್ಲ. ನಕ್ಷತ್ರದ ಜಗಲಿಯನ್ನು ಯಾರು ಬೇಕಾದರೂ ಬಿಡಿಸಬಹುದು. 1978ರಲ್ಲಿ ಒಂದು ನಾಟಕಕ್ಕೂ ಒಂದು ಸಿನಿಮಾಕ್ಕೂ ಬಿದ್ದ ಜಗಳದಲ್ಲಿ, ಆರ್.ಜಿ. ಆನಂದ್ ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ವಿಚಾರಕ್ಕೆ ಕಾಪಿರೈಟ್ ಇಲ್ಲ, ಅದನ್ನು ಒಬ್ಬ ಹೇಗೆ ಕಟ್ಟಿದ ಎಂಬುದಕ್ಕೆ ಇದೆ. ಅವನು ಕೂತು ಒಂದೊಂದು ಕಲ್ಲು ಜೋಡಿಸಿದ ಆ ಮ್ಯಾಪ್ ಅವನದು. ನೀವು ಅವನಿಗೆ ಸಂಬಳ ಕೊಟ್ಟಿಲ್ಲ, ಕಾಗದ ಬರೆಸಿಕೊಂಡಿಲ್ಲ. ಕಂಪನಿ ನಿಮ್ಮ ಶ್ರಮವನ್ನು ಗೌರವಿಸಲಿ ಎಂದು ನೀವು ಬಯಸುತ್ತೀರಿ ಅಲ್ವಾ? ಅವನ ಶ್ರಮವನ್ನು ಮೊದಲು ನೀವು ಗೌರವಿಸಿ.

ಹೇಮಾವತಿ ದಂಡೆ:

ವಕೀಲ್ ಸರ್ ಹೇಳಿದ್ದಕ್ಕೆ ಸರ್ವರ್ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ ಅಕ್ಕ. ನಾನೂ ಕಾಲೇಜಿನಲ್ಲಿದ್ದಾಗ ಎರಡು ವರ್ಷ ಇದೇ ಹುಚ್ಚಿನಲ್ಲಿದ್ದೆ.

ಮೊದಲು ನೋಡಬೇಕಾದದ್ದು ಸರ್ವರ್ ಕೋಡ್ ಎಲ್ಲಿಂದ ಬಂತು ಎಂಬುದು. ಆಟ ಕಳಿಸುವ ಡೇಟಾ ಗಮನಿಸಿ, ಅದಕ್ಕೆ ಉತ್ತರ ಕೊಡುವ ಪ್ರೋಗ್ರಾಮನ್ನು ಸ್ವಂತವಾಗಿ ಬರೆದದ್ದಾದರೆ ಒಂದು ಕಥೆ. ಕಂಪನಿಯೊಳಗಿಂದ ಸೋರಿದ ಕೋಡ್ ಆದರೆ ಬೇರೆಯೇ ಕಥೆ. ನಮ್ಮ ಕಾಯಿದೆಯ ಸೆಕ್ಷನ್ 52ರಲ್ಲಿ ಒಂದು ಸಣ್ಣ ಬಾಗಿಲು ಇದೆ. ಕಾನೂನುಬದ್ಧವಾಗಿ ಪ್ರೋಗ್ರಾಮ್ ಇಟ್ಟುಕೊಂಡವರು, ತಾವು ಬರೆದ ಇನ್ನೊಂದು ಪ್ರೋಗ್ರಾಮ್ ಅದರ ಜೊತೆ ಕೆಲಸ ಮಾಡಲು ಬೇಕಾದ ಮಾಹಿತಿಯನ್ನು, ಅದು ಬೇರೆ ಕಡೆ ಸುಲಭವಾಗಿ ಸಿಗದಿದ್ದರೆ, ತೆಗೆಯಬಹುದು. ಅಷ್ಟೇ. ಅದನ್ನು ತೋರಿಸಿ ಇಡೀ ಆಟ ಹಂಚಲು ಆಗುವುದಿಲ್ಲ.

ಓಪನ್ ಸೋರ್ಸ್ ಎಂದ ಮಾತ್ರಕ್ಕೆ ಅದು ಯಾರದೂ ಅಲ್ಲ ಎಂದಲ್ಲ. ಫೋಲ್ಡರಿನಲ್ಲಿ ಲೈಸೆನ್ಸ್ ಫೈಲ್ ಇರುತ್ತದೆ, ತೆರೆದು ಓದಿ. ಎ.ಜಿ.ಪಿ.ಎಲ್. (ಓಪನ್ ಸೋರ್ಸ್ ಲೈಸೆನ್ಸ್‌ಗಳಲ್ಲಿ ಒಂದು) ಎಂದಿದ್ದರೆ, ನೀವು ತಿದ್ದಿದ ಕೋಡನ್ನು ನಿಮ್ಮ ಸರ್ವರ್‌ಗೆ ಬರುವ ಆಟಗಾರರಿಗೂ ಸಿಗುವಂತೆ ಇಡಬೇಕು. ಅಭಿಮಾನಿಗಳ ಗುಂಪುಗಳು ಇದನ್ನು ಓದುವುದೇ ಇಲ್ಲ, ನನಗೆ ತುಂಬಾ ನೋವಿನ ವಿಷಯ.

ಹೊರಗೆ ಏನೇನಾಗಿದೆ ನೋಡಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟಕ್ಕೆ ಹೊರಗಿನವರು ನಡೆಸುತ್ತಿದ್ದ ಸ್ಕೇಪ್‌ಗೇಮಿಂಗ್ ಎಂಬ ಖಾಸಗಿ ಸರ್ವರ್ ಆಟದೊಳಗಿನ ವಸ್ತು ಮಾರಿ ದುಡ್ಡು ಮಾಡಿತು. 2010ರಲ್ಲಿ ಅಮೆರಿಕದ ಕೋರ್ಟ್ 8.8 ಕೋಟಿ ಡಾಲರ್ ಕಟ್ಟುವಂತೆ ಹೇಳಿತು. ಅದೇ ಆಟದ ನೊಸ್ಟಾಲ್ರಿಯಸ್ ಎಂಬ ಸರ್ವರ್ ಉಚಿತವಾಗಿತ್ತು. ಆದರೂ ಲಾಯರ್ ಪತ್ರ ಬಂತು, ಫ್ರಾನ್ಸಿನ ಬಾಡಿಗೆ ಸರ್ವರ್ ಕಂಪನಿಗೂ ಹೋಯಿತು. 2016ರ ಏಪ್ರಿಲ್ 10ರಂದು ಮುಚ್ಚಿದರು. ಅಂದರೆ ಉಚಿತ ಎಂದ ಮಾತ್ರಕ್ಕೆ ರಕ್ಷಣೆ ಇಲ್ಲ. ಆದರೆ ಎರಡು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. 2019ರಲ್ಲಿ ಕಂಪನಿಯೇ ಹಳೇ ರೂಪದ ಆಟವನ್ನು ಮತ್ತೆ ತಂದಿತು.

ನನಗೆ ಧೈರ್ಯ ಕೊಡುವುದು ಸಿಟಿ ಆಫ್ ಹೀರೋಸ್. 2012ರ ನವೆಂಬರ್‌ನಲ್ಲಿ ಮುಚ್ಚಿದ ಆಟ. ಅಭಿಮಾನಿಗಳು ಹೋಮ್‌ಕಮಿಂಗ್ ಎಂಬ ಹೆಸರಿನಲ್ಲಿ ನಡೆಸಿದರು. 2024ರ ಜನವರಿಯಲ್ಲಿ ಆಟದ ಹಕ್ಕಿರುವ ಕಂಪನಿ ಎನ್‌ಸಿಸಾಫ್ಟ್ ಅವರಿಗೆ ಅಧಿಕೃತ ಲೈಸೆನ್ಸ್ ಕೊಟ್ಟಿತು. ಅದೂ ಕೊರಿಯಾದ ಕಂಪನಿಯೇ. ಕೇಳಿದರೆ ಕೊಡುವವರೂ ಇದ್ದಾರೆ ಅಕ್ಕ.

ಒಂದು ಪ್ರಶ್ನೆ. ಆಟದಲ್ಲಿ ಕಾಪಿ ತಡೆಯುವ ಬೀಗ ಏನಾದರೂ ಇತ್ತಾ, ಅದನ್ನು ಒಡೆದಿದ್ದೀರಾ? ಅಂಥ ಬೀಗ ಒಡೆಯುವುದರ ಬಗ್ಗೆ 2012ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 65ಎ ಬೇರೆಯೇ ತಲೆನೋವು.

ಮರಳುಗಾಡಿನ ಮಲೆನಾಡಿಗಳು:

ನಾನು ನಿಮ್ಮ ಸರ್ವರ್‌ನಲ್ಲೇ ಆಡುವವಳು. ಊರು ಸಕಲೇಶಪುರ, ಈಗ ದುಬೈನಲ್ಲಿದ್ದೇವೆ. ಕ್ಯೂಆರ್‌ಗೆ 500 ರೂಪಾಯಿ ಹಾಕಿದವರಲ್ಲಿ ನಾನೂ ಒಬ್ಬಳು. ವಾಪಸ್ ಬೇಡ, ಕುದುರೆ ತೆಗೆಯಿರಿ, ಬೇಜಾರಿಲ್ಲ.

ನನ್ನ ಮಗನಿಗೆ ಇಲ್ಲಿ ಶಾಲೆಯಲ್ಲಿ ಕನ್ನಡ ಇಲ್ಲ. ಒತ್ತಕ್ಷರ ಕಲಿತದ್ದು ನಿಮ್ಮ ದೋಣಿಯವನಿಂದ. "ಹೊಳೆ ಉಕ್ಕಿದೆ, ಇವತ್ತು ದೋಣಿ ಇಲ್ಲ" ಎಂದು ಅವನು ಹೇಳಿದಾಗ ಮಗ ಪರದೆ ಮೇಲೆ ಬೆರಳಿಟ್ಟು ‘ಕ್ಕಿ’ ಎಂದು ಓದಿದ. ಆಮೇಲೆ ಅಕ್ಕಿ, ಹಕ್ಕಿ, ಚುಕ್ಕಿ ಎಂದು ತಾನೇ ಬರೆದ. ವಕೀಲರೇ, ದೋಣಿಯವನ ಮಾತನ್ನಾದರೂ ಉಳಿಸಿಕೊಳ್ಳಲು ದಾರಿ ಇದೆಯಾ?

ಹಾಸನದ ವಕೀಲ:

ಇದೆ ತಾಯಿ. ಆ ಮಾತು ಕಂಪನಿಯದ್ದಾ, ತಂಗಿ ಸ್ವಂತ ಬರೆದದ್ದಾ, ಮೊದಲು ಅದು ಗೊತ್ತಾಗಬೇಕು. ಸ್ವಂತದ್ದಾದರೆ ಆ ಬರಹ ಅವರದೇ. ಅಕ್ಷರದ ಚಿತ್ರಗಳೂ ಅವರು ಕೈಯಾರೆ ಬರೆದವು. ಅವನ್ನು ಬೇರೆ ಆಟಕ್ಕೂ ಹಾಕಬಹುದು.

ಆಲ್ದೂರು ಮಳೆ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಹತ್ತು ದಿನ ಆಯಿತು, ಏನು ಮಾಡಿದೆವು ಎಂದು ಹೇಳುತ್ತೇನೆ.

ಲೋಗೋ, ಹೆಸರು, ಫೈಲಿನ ಲಿಂಕ್, ಕ್ಯೂಆರ್, ಕುದುರೆ ಎಲ್ಲಾ ತೆಗೆದೆವು. ಇನ್ನು ನಾವು ಕೊಡುವುದು ನನ್ನ ಅಕ್ಷರದ ಫೈಲು ಮಾತ್ರ. ಆಟದ ಪ್ರತಿ ಅವರವರೇ ತಂದುಕೊಳ್ಳಬೇಕು. ಇದರಿಂದ ಅರ್ಧ ಜನ ಹೋಗಬಹುದು, ಗೊತ್ತಿದೆ. ಹೇಮಾವತಿ ಅಣ್ಣ, ಬೀಗ ಒಡೆದಿಲ್ಲ. ಸೆಟ್ಟಿಂಗ್ ಫೈಲಿನಲ್ಲಿ ಸರ್ವರ್ ವಿಳಾಸದ ಒಂದು ಸಾಲು ಬದಲಾಯಿಸಿದ್ದು ಅಷ್ಟೇ. ಲೈಸೆನ್ಸ್ ಫೈಲ್ ತೆರೆದೆ, ಎ.ಜಿ.ಪಿ.ಎಲ್. ಎಂದೇ ಇತ್ತು. ನಾಲ್ಕು ವರ್ಷ ನೋಡಿರಲಿಲ್ಲ. ಅಣ್ಣ ಕೋಡ್ ಜೋಡಿಸುತ್ತಿದ್ದಾನೆ, ಈ ವಾರ ಹಾಕುತ್ತೇವೆ.

ಹಣ ಮೂವತ್ತೊಂದು ಜನರಿಗೆ ವಾಪಸ್ ಹಾಕಿದೆವು. ದುಬೈ ಅಕ್ಕ, ನಿಮಗೂ ಹಾಕಿದ್ದೇನೆ, ದಯವಿಟ್ಟು ಬೇಡ ಎನ್ನಬೇಡಿ.

ಸಂಭಾಷಣೆ ಎಲ್ಲಾ ಕೂತು ಬೇರೆ ಮಾಡಿದೆ. ಒಟ್ಟು 312. ಅದರಲ್ಲಿ ಅನುವಾದ 190, ನಾನೇ ಬರೆದದ್ದು 122. ದೋಣಿಯವನಿಗೆ ಮೂಲ ಆಟದಲ್ಲಿ ಮಾತೇ ಇರಲಿಲ್ಲ, ಸುಮ್ನೆ ನಿಂತಿರುತ್ತಿದ್ದ. ಹೊಳೆ ಉಕ್ಕುವುದು, ಹುಟ್ಟು ಮುರಿಯುವುದು, ಅವನ ಹೆಂಡತಿ ಕೊಟ್ಟ ಕಡುಬು, ಎಲ್ಲಾ ನನ್ನದೇ.

ಬೇಲೂರಿಗೆ ಹೋಗಿದ್ದೆ. ಅಣ್ಣನನ್ನೂ ಎಳೆದುಕೊಂಡು ಹೋದೆ. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಆ ಹುಡುಗ ಬಂದ. "ಮ್ಯಾಪ್ ತೆಗೆದಿದ್ದೇವೆ, ನಿನ್ನನ್ನು ಕೇಳದೆ ಇಟ್ಟುಕೊಂಡದ್ದು ತಪ್ಪು" ಎಂದು ಅಣ್ಣನೇ ಹೇಳಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನು ಕೇಳಿದ್ದು ಒಂದೇ. ಊರಿನ ಬಾಗಿಲಲ್ಲಿ ಮಾಡಿದವನ ಹೆಸರು ಇರಬೇಕಿತ್ತು, ನಾವು ಹಾಕಿರಲಿಲ್ಲ. ಜಗಳದ ಬೇರು ಅಲ್ಲಿತ್ತು, ನನಗೆ ಅವತ್ತೇ ಗೊತ್ತಾಗಿದ್ದು. ಈಗ ಕಾಗದ ಬರೆದಿದ್ದೇವೆ. ಮ್ಯಾಪ್ ಅವನದು, ನಮಗೆ ಬಳಸಲು ಅನುಮತಿ, ಬೇಡ ಎಂದರೆ ಏಳು ದಿನದಲ್ಲಿ ತೆಗೆಯುವುದು. ಗೋಡೆಯ ಕಲ್ಲಿನ ಚಿತ್ರಗಳು ಮಾತ್ರ ಕಂಪನಿಯವು. ಅವುಗಳ ಬದಲಿಗೆ ಬೇಲೂರಿನಲ್ಲೇ ಫೋಟೋ ತೆಗೆದು ಹೊಸದಾಗಿ ಮಾಡುತ್ತೇನೆ ಎಂದಿದ್ದಾನೆ.

ಉಳಿದದ್ದು ಕಂಪನಿಗೆ ಪತ್ರ. 190 ಸಂಭಾಷಣೆಯ ಅನುವಾದಕ್ಕೆ, ದುಡ್ಡಿಲ್ಲದೆ ಸರ್ವರ್ ನಡೆಸಲಿಕ್ಕೆ ಅನುಮತಿ ಕೇಳಿದ್ದೇನೆ. ಪತ್ರ ಬರೆದರೆ ನಾವೇ ಅವರ ಕಣ್ಣಿಗೆ ಬೀಳುತ್ತೇವೆ ಎಂದು ಗುಂಪಿನಲ್ಲಿ ಕೆಲವರು ಬೇಡ ಎಂದರು. ರಾತ್ರಿಯೆಲ್ಲಾ ಯೋಚಿಸಿದೆ. ಕದ್ದು ಆಡಿಸುವುದು ನನ್ನಿಂದ ಇನ್ನು ಆಗುವುದಿಲ್ಲ. ಉತ್ತರ ಬರುವ ತನಕ ಆ 190 ಮಾತುಗಳನ್ನು ಮುಚ್ಚಿಟ್ಟಿದ್ದೇನೆ, ಅಂಗಡಿಯವರೆಲ್ಲಾ ಮತ್ತೆ ಇಂಗ್ಲಿಷ್‌ನಲ್ಲಿದ್ದಾರೆ.

ವಕೀಲ್ ಸರ್, ಕರಡು ನಿಮಗೆ ಕಳಿಸಿದ್ದೇನೆ. ಎರಡನೇ ಪ್ಯಾರಾದಲ್ಲಿ ಹಣ ತೆಗೆದುಕೊಂಡದ್ದು, ವಾಪಸ್ ಕೊಟ್ಟದ್ದು ಎರಡನ್ನೂ ಬರೆದಿದ್ದೇನೆ. ಅದು ಇರಲಾ, ತೆಗೆಯಲಾ?

ಹಾಸನದ ವಕೀಲ:

ಬಚ್ಚಿಡುವುದು ಬೇಡ, ಆದರೆ ಮಾತು ಹೇಗೆ ಜೋಡಿಸುತ್ತೀರಿ ಎಂಬುದು ಮುಖ್ಯ. ಸೋಮವಾರ ಕೋರ್ಟ್ ಮುಗಿದ ಮೇಲೆ ಫೋನ್ ಮಾಡಿ, ಕೂತು ತಿದ್ದೋಣ. ಅಲ್ಲಿಯ ತನಕ ಕಳಿಸಬೇಡಿ.