ವೈದ್ಯರನ್ನು ಕೇಳಿ: ಕ್ಯಾನ್ಸರ್‌, ಬಡತನ ಮತ್ತು ನಮ್ಮ ಜಿಲ್ಲೆ

ಅಡ್ಮಿನ್: ಈ ವಾರ ಉತ್ತರ ಕೊಡುವವರು ರೇಡಿಯೇಷನ್ ಚಿಕಿತ್ಸೆಯ ತಜ್ಞೆ. ನಮ್ಮ ಉತ್ತರ ಕನ್ನಡ ಜಿಲ್ಲೆಯವರೇ, ಊರು ಹೊನ್ನಾವರ, ಕೆಲಸ ಹುಬ್ಬಳ್ಳಿಯಲ್ಲಿ. ರಿಪೋರ್ಟಿನ ಫೋಟೋ ದಯವಿಟ್ಟು ಇಲ್ಲಿ ಹಾಕಬೇಡಿ.

ಪ್ರಶ್ನೆ (ಯಲ್ಲಾಪುರ): ಅಮೆರಿಕದಲ್ಲಿ ಕಪ್ಪು ಜನ ಕ್ಯಾನ್ಸರಿನಿಂದ ಸಾಯುವುದು ಜಾಸ್ತಿ ಅಂತ ಓದಿದೆ. ನಾವು ಸಿದ್ದಿಗಳು. ನಮ್ಮ ಹಿರಿಯರೂ ಆಫ್ರಿಕಾದವರು. ಹಾಗಾದರೆ ನಮಗೂ ಅಪಾಯ ಹೆಚ್ಚಾ? ಇದು ರಕ್ತದಲ್ಲೇ ಇರುತ್ತದಾ?

ಉತ್ತರ: ನೀವು ಓದಿದ್ದು ನಿಜ. ಆದರೆ ಅದರಲ್ಲೊಂದು ವಿಚಿತ್ರ ಇದೆ. ಅಲ್ಲಿನ ಕಪ್ಪು ಹೆಂಗಸರಿಗೆ ಸ್ತನ ಕ್ಯಾನ್ಸರ್ ಬರುವುದು ಬಿಳಿಯರಿಗಿಂತ ಸ್ವಲ್ಪ ಕಡಿಮೆ. ಸಾಯುವ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಶೇ. 40ರಷ್ಟು ಜಾಸ್ತಿ. ರೋಗ ಬರುವುದಕ್ಕೂ ಸಾವಿಗೂ ನಡುವೆ ಏನೋ ಆಗುತ್ತಿದೆ ಅಲ್ವಾ?

ರಕ್ತಕ್ಕೆ ಏನೂ ಪಾಲಿಲ್ಲ ಅಂತಲ್ಲ. ಟ್ರಿಪಲ್ ನೆಗೆಟಿವ್ ಎನ್ನುವ ಒಂದು ಬಗೆಯ ಸ್ತನ ಕ್ಯಾನ್ಸರ್ ಬೇಗ ಹರಡುತ್ತದೆ. ಅದಕ್ಕೆ ಹಾರ್ಮೋನ್ ಮಾತ್ರೆ ಕೆಲಸ ಮಾಡುವುದಿಲ್ಲ. ಅಮೆರಿಕದ ಕಪ್ಪು ಹೆಂಗಸರಲ್ಲಿ ಇದು ಬಿಳಿಯರಿಗಿಂತ ಸುಮಾರು ಎರಡು ಪಟ್ಟು. ಆದರೆ ಆಫ್ರಿಕಾ ಬಹಳ ದೊಡ್ಡದು. ಪಶ್ಚಿಮದ ಘಾನಾದಲ್ಲಿ ಈ ಬಗೆ ತುಂಬಾ ಕಾಣುತ್ತದೆ, ಪೂರ್ವದ ಇಥಿಯೋಪಿಯಾದಲ್ಲಿ ಬಹಳ ಕಡಿಮೆ. ಅಮೆರಿಕಕ್ಕೆ ಹೋದವರಲ್ಲಿ ಬಹುಪಾಲು ಪಶ್ಚಿಮದ ಕಡೆಯವರು. ಸಿದ್ದಿಗಳ ಹಿರಿಯರು ಹೆಚ್ಚಾಗಿ ಪೂರ್ವ ಆಫ್ರಿಕಾದ ಕಡೆಯವರು. ಅಮೆರಿಕದ ಲೆಕ್ಕವನ್ನು ತಂದು ಯಲ್ಲಾಪುರಕ್ಕೆ ಅಂಟಿಸಲು ಬರುವುದಿಲ್ಲ.

ಇನ್ನೊಂದು ಉದಾಹರಣೆ ನೋಡಿ. ಡೆಲವೇರ್ ಅಂತ ಅಮೆರಿಕದ ಒಂದು ಸಣ್ಣ ರಾಜ್ಯ. ದೊಡ್ಡ ಕರುಳಿನ ಕ್ಯಾನ್ಸರಿಗೆ ಅಲ್ಲಿ ಪರೀಕ್ಷೆಯ ಖರ್ಚನ್ನು ಸರ್ಕಾರವೇ ಕೊಟ್ಟಿತು. ರೋಗ ಸಿಕ್ಕಿದ ಬಡವರಿಗೆ ಚಿಕಿತ್ಸೆಯನ್ನೂ ಕೊಟ್ಟಿತು. ಜನರ ಜೊತೆ ನಿಂತು ದಾರಿ ತೋರಿಸಲು ನರ್ಸ್‌ಗಳನ್ನು ನೇಮಿಸಿತು. 2002ರಿಂದ 2009ರೊಳಗೆ ಪರೀಕ್ಷೆ ಮಾಡಿಸಿಕೊಂಡ ಕಪ್ಪು ಜನರ ಪ್ರಮಾಣ ಶೇ. 48ರಿಂದ 74ಕ್ಕೆ ಏರಿ ಬಿಳಿಯರಿಗೆ ಸಮ ಆಯಿತು. ಸಾವಿನ ಅಂತರವೂ ಹೆಚ್ಚುಕಡಿಮೆ ಮುಚ್ಚಿತು. ಏಳೆಂಟು ವರ್ಷದಲ್ಲಿ ಯಾರ ರಕ್ತವೂ ಬದಲಾಗುವುದಿಲ್ಲ.

ಹಾಗಾಗಿ ನಿಮ್ಮ ವಿಷಯದಲ್ಲಿ ನನ್ನ ಚಿಂತೆ ಬೇರೆ. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದೇ 2003ರಲ್ಲಿ. ಕಾಡಿನೊಳಗಿನ ಕೇರಿಯಿಂದ ಬಸ್ ಬರುವ ರಸ್ತೆಗೆ ಎಷ್ಟು ನಡೆಯಬೇಕು? ಗಡ್ಡೆ ಕೈಗೆ ಸಿಕ್ಕ ದಿನದಿಂದ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಆಗುವವರೆಗೆ ಎಷ್ಟು ತಿಂಗಳು ಹೋಗುತ್ತದೆ? ನನಗೆ ಬೇಕಾದ ಲೆಕ್ಕ ಅದು.

ಕಾಮೆಂಟ್ (ಶಿರಸಿ): ಮೇಡಂ, ಸಿದ್ದಿಗಳು, ಹಾಲಕ್ಕಿಗಳು, ಕುಣಬಿಗಳು, ಎಲ್ಲರೂ ಕವಳ (ಎಲೆ, ಅಡಿಕೆ, ಸುಣ್ಣ, ತಂಬಾಕು) ಹಾಕುತ್ತಾರೆ. ಬಡತನ ಅಂತ ಸುಮ್ನೆ ಯಾಕೆ? ಅವರ ಚಟ, ಅವರ ರೋಗ.

ಉತ್ತರ: ಕವಳ ಹಾಕದ ಹವ್ಯಕ ಬ್ರಾಹ್ಮಣರ ಮನೆ ತೋರಿಸಿ ನೋಡೋಣ. ಚಟ ಎಲ್ಲ ಕಡೆ ಇದೆ. ಶಿರಸಿ ಪೇಟೆಯವರು ಬಾಯಲ್ಲಿ ಬಿಳಿ ಮಚ್ಚೆ ಕಂಡರೆ ಅದೇ ವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಾರೆ. ಕೂಲಿಯವನು ನೋವು ಬಂದ ಮೇಲೆ ಬರುತ್ತಾನೆ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ನೋಯುವುದೇ ಇಲ್ಲ. ಕೂಲಿಯವನು ಬರುವ ಹೊತ್ತಿಗೆ ಕುತ್ತಿಗೆಯಲ್ಲೂ ಗಂಟು ಇರುತ್ತದೆ.

ಪ್ರಶ್ನೆ (ಶಿರಸಿ, ಇನ್ನೊಬ್ಬರು): ತಂಬಾಕು ಸರಿ. ಅಡಿಕೆಯನ್ನು ಯಾಕೆ ಎಳೆಯುತ್ತೀರಿ? ನಾವು ಬದುಕುವುದೇ ಅದರಿಂದ.

ಉತ್ತರ: ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ನಮ್ಮ ಮನೆಯದೂ ಅಡಿಕೆ ತೋಟವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿ ಪರಿಶೀಲಿಸಿ ಹೇಳಿದ್ದು: ತಂಬಾಕು ಸೇರಿಸದಿದ್ದರೂ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ. ಬಾಯಿ ಬಿಗಿದು ಮೂರು ಬೆರಳು ಒಳಗೆ ಹೋಗದಂತೆ ಆಗುವ ಕಾಯಿಲೆಗೂ ಅಡಿಕೆಯೇ ಮುಖ್ಯ ಕಾರಣ. ಎಷ್ಟು ತಿಂದರು, ಎಷ್ಟು ವರ್ಷ ತಿಂದರು ಎನ್ನುವುದರ ಮೇಲೆ ಅಪಾಯ ಏರುತ್ತದೆ. ಊಟದ ನಂತರದ ಒಂದು ಕವಳವೂ ದಿನವಿಡೀ ಕೆನ್ನೆಯಲ್ಲಿ ಇಟ್ಟುಕೊಂಡಿರುವ ಗುಟ್ಕಾವೂ ಸಮ ಅಂತ ನಾನು ಹೇಳುತ್ತಿಲ್ಲ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯಿತು. ಈಗ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು. ಗೂಡಂಗಡಿಯಲ್ಲಿ ಎರಡೂ ಪಕ್ಕಪಕ್ಕ ನೇತಾಡುತ್ತವೆ, ಬೆರೆಸಿದರೆ ಅದೇ ಗುಟ್ಕಾ. ಹಸಿವು ಸಾಯಿಸಲು, ನಿದ್ದೆ ತಡೆಯಲು ಅದನ್ನು ಹಾಕುವವರು ಲಾರಿ ಡ್ರೈವರ್‌ಗಳು, ಬೋಟಿನ ಕೆಲಸದವರು, ಗಾರೆ ಕೆಲಸದವರು. ಅಡಿಕೆಯ ದುಡ್ಡು ಒಂದು ಕಡೆ, ರೋಗ ಇನ್ನೊಂದು ಕಡೆ. ಬೆಳೆಗಾರರನ್ನು ಬೈದು ಪ್ರಯೋಜನವಿಲ್ಲ. ಆದರೆ ಅಡಿಕೆಯಿಂದ ಏನೂ ಆಗುವುದಿಲ್ಲ ಅಂತ ನಾನು ಬರೆಯಲಾರೆ.

ಪ್ರಶ್ನೆ (ಕುಮಟಾ): ಬಿಪಿಎಲ್ ಕಾರ್ಡ್ ಇದ್ದರೆ ಚಿಕಿತ್ಸೆ ಫ್ರೀ ಅಂತಾರೆ. ಹಾಗಿದ್ದರೂ ನಮ್ಮ ಚಿಕ್ಕಮ್ಮ ಅರ್ಧಕ್ಕೆ ಬಿಟ್ಟು ಬಂದರು. ಡಾಕ್ಟರು ಬೈದರಂತೆ. ತಪ್ಪು ಯಾರದು?

ಉತ್ತರ: ಬೈದವರು ಬಸ್ಸಿನಲ್ಲಿ ಬಂದು ನೋಡಬೇಕಿತ್ತು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರ) ಶೇ. 30 ಮಾತ್ರ ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಆ ದುಡ್ಡು ಹೋಗುವುದು ಆಸ್ಪತ್ರೆಗೆ. ಹೋದ ಕೂಲಿ, ರೂಮಿನ ಬಾಡಿಗೆ, ಜೊತೆಗೆ ಬಂದವರ ಊಟ, ಮನೆಯಲ್ಲಿ ಹಸು ಕರೆಯುವವರು, ಇದ್ಯಾವುದೂ ಪ್ಯಾಕೇಜಿನಲ್ಲಿ ಇಲ್ಲ.

ರೇಡಿಯೇಷನ್ ಎಂದರೆ, ನಮ್ಮ ಕಡೆ ಕರೆಂಟ್ ಕೊಡುವುದು ಅಂತಾರಲ್ಲ, ಅದು ಒಂದು ದಿನದ ಕೆಲಸವಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ. ಆಮೇಲೆ ಒಳಗಿನಿಂದ ಕೊಡುವ ಚಿಕಿತ್ಸೆ ಬೇರೆ. ಬಾಯಿ, ಗಂಟಲಿಗೆ ಆರರಿಂದ ಏಳು ವಾರ. ಒಮ್ಮೆಗೆ ಹತ್ತು ಹದಿನೈದು ನಿಮಿಷವಷ್ಟೇ. ಅಷ್ಟಕ್ಕಾಗಿ ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಕ್ಯಾನ್ಸರ್ ಆಸ್ಪತ್ರೆಗಳು ಇನ್ನೂ ದೂರ. ಮಳೆಗಾಲ ಬಂತೆಂದರೆ ಅರಬೈಲ್ ಘಟ್ಟ, ದೇವಿಮನೆ ಘಟ್ಟ ಯಾವಾಗ ಬಂದ್ ಆಗುತ್ತದೆ ಹೇಳಲಾಗದು. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ಹೆದ್ದಾರಿಯೇ ಇರಲಿಲ್ಲ.

ಮಧ್ಯೆ ದಿನ ತಪ್ಪಿದರೆ ಗಡ್ಡೆ ಸುಮ್ಮನೆ ಕೂರುವುದಿಲ್ಲ. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದೊಂದು ದಿನ ಉದ್ದವಾದರೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1 ಇಳಿಯುತ್ತದೆ. ಗರ್ಭಕೊರಳಿನದು ಎಂಟು ವಾರದೊಳಗೆ ಮುಗಿಯಬೇಕು. ಹೀಗಾಗಿ ರಸ್ತೆ, ರೂಮು, ಕೂಲಿ ಇವೆಲ್ಲ ನನ್ನ ಲೆಕ್ಕದಲ್ಲಿ ಔಷಧಿಯೇ.

ಮೊದಲ ದಿನವೇ ನಿಮ್ಮ ಡಾಕ್ಟರನ್ನು ಕೇಳಿ: ಕಡಿಮೆ ಸರದಿಯಲ್ಲಿ, ಅಂದರೆ ಕಡಿಮೆ ದಿನ ಕರೆಂಟ್ ಕೊಟ್ಟು, ಮುಗಿಸಲು ಆಗುತ್ತದಾ? ಸ್ತನ ಕ್ಯಾನ್ಸರಿಗೆ ಹಿಂದೆ ಐದು ವಾರ ಕೊಡುತ್ತಿದ್ದುದನ್ನು ಈಗ ಬಹಳ ಜನರಿಗೆ ಮೂರು ವಾರದಲ್ಲಿ ಮುಗಿಸುತ್ತೇವೆ. ಕೆಲವರಿಗೆ ಒಂದೇ ವಾರ ಸಾಕು ಅಂತ 2020ರಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿತು. ಎಲ್ಲರಿಗೂ ಹೊಂದುವುದಿಲ್ಲ, ಆದರೂ ಕೇಳಿ. ಹೆಂಗಸರಿಗೆ ಶಕ್ತಿ ಯೋಜನೆಯ ಬಸ್ ಇದೆ. ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ. 75. ಆಸ್ಪತ್ರೆಯಿಂದ ರೈಲ್ವೆ ಫಾರಂ ತುಂಬಿಸಿಕೊಳ್ಳಬೇಕು. ಕೇಳದೆ ಇದನ್ನು ಯಾರೂ ಕೊಡುವುದಿಲ್ಲ.

ಚಿಕ್ಕಮ್ಮನನ್ನು ವಾಪಸ್ ಕರೆದುಕೊಂಡು ಹೋಗಿ. ಎಷ್ಟು ಸರದಿ ಆಗಿದೆ ಎನ್ನುವ ಚೀಟಿ ಜೊತೆಗಿರಲಿ. ಬಿಟ್ಟು ಬಂದವರಿಗೂ ದಾರಿ ಇರುತ್ತದೆ.

ಪ್ರಶ್ನೆ (ಜೋಯಿಡಾ): ನಾನು ಆಶಾ ಕಾರ್ಯಕರ್ತೆ. ಗರ್ಭಕೊರಳಿನ ಪರೀಕ್ಷೆಗೆ ಬನ್ನಿ ಅಂದರೆ ಹೆಂಗಸರು ನಗುತ್ತಾರೆ. ಅದರಿಂದ ನಿಜವಾಗಿ ಉಪಯೋಗ ಇದೆಯಾ?

ಉತ್ತರ: ಇದೆ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರ ಮೇಲೆ ಅಧ್ಯಯನ ಮಾಡಿದರು. ವಿನೆಗರಿನಂಥ ದ್ರಾವಣ ಹಚ್ಚಿ ನೋಡುವ ಪರೀಕ್ಷೆ. ನೋಡಿದವರು ಡಾಕ್ಟರಲ್ಲ, ಹತ್ತನೇ ಕ್ಲಾಸ್ ಓದಿ ತರಬೇತಿ ಪಡೆದ ಹೆಂಗಸರು. ಈ ರೋಗದ ಸಾವು ಶೇ. 31 ಇಳಿಯಿತು. ಹೋಲಿಕೆಗೆ ಇಟ್ಟುಕೊಂಡ ಇನ್ನೊಂದು ಗುಂಪಿನ ಬಡ ಹೆಂಗಸರಿಗೆ ಪರೀಕ್ಷೆ ಕೊಡದೆ ಬರೀ ತಿಳಿವಳಿಕೆ ಕೊಟ್ಟಿದ್ದಕ್ಕೆ ಟೀಕೆ ಬಂತು. ಆ ಟೀಕೆ ನನಗೂ ಸರಿ ಅನಿಸುತ್ತದೆ. 2022ರಲ್ಲಿ ಜಗತ್ತಿನಲ್ಲಿ ಇದರಿಂದ ಸತ್ತ ಸುಮಾರು ಮೂರೂವರೆ ಲಕ್ಷ ಹೆಂಗಸರಲ್ಲಿ ಶೇ. 94 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶದವರು. ನಗಲಿ ಬಿಡಿ. ಪರದೆ ಹಾಕಿದ ಕೋಣೆ, ಪರೀಕ್ಷೆಗೆ ಹೆಂಗಸೇ ಇರುತ್ತಾರೆ ಅಂತ ಮೊದಲೇ ಹೇಳಿ. ಒಬ್ಬರನ್ನೇ ಕರೆಯಬೇಡಿ, ನಾಲ್ಕು ಜನರನ್ನು ಒಟ್ಟಿಗೆ ಕರೆತನ್ನಿ.

ಪ್ರಶ್ನೆ (ಅಂಕೋಲಾ): ಅಮ್ಮನ ಕೆನ್ನೆಯ ಒಳಗೆ ಹುಣ್ಣು, ಒಂದು ತಿಂಗಳಾಯಿತು. ನೋವಿಲ್ಲ. ಗದ್ದೆ ಕೆಲಸ ಮುಗಿದ ಮೇಲೆ ತೋರಿಸುವ ಅನ್ನುತ್ತಾರೆ. ಮೊದಲು ನಾಟಿ ಔಷಧಿ ನೋಡಲಾ?

ಉತ್ತರ: ಬೇಡ. ಎರಡು ಮೂರು ವಾರದಲ್ಲಿ ಮಾಯದ ಹುಣ್ಣನ್ನು ತೋರಿಸಲೇಬೇಕು. ಎಲ್ಲ ಹುಣ್ಣೂ ಕ್ಯಾನ್ಸರ್ ಅಲ್ಲ, ಹೆದರಿಸುತ್ತಿಲ್ಲ. ತಾಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ಇದೇ ವಾರ ತೋರಿಸಿ, ಬೇಕಾದರೆ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ರೇಷನ್ ಕಾರ್ಡ್, ಆಧಾರ್ ಎರಡೂ ಜೊತೆಗಿರಲಿ. ಬಯಾಪ್ಸಿ ಬೇಕು ಅಂದರೆ ರೆಫರಲ್ ಚೀಟಿಯನ್ನು ಸರ್ಕಾರಿ ಆಸ್ಪತ್ರೆಯಿಂದಲೇ ಬರೆಸಿಕೊಳ್ಳಿ. ಅದಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಆಮೇಲೆ ಯೋಜನೆಯ ದುಡ್ಡಿಗೆ ಅಲೆಯಬೇಕಾಗುತ್ತದೆ.